ಮೇಲಿನ ಮೆಟ್ಟಿಲಿಗೆ ಬಂದ ಚಪ್ಪಲಿ

ಜಿನ್ನು, ಭೂತ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ಅರ್ಧ ಚಹಾ ಬಿಟ್ಟು ಎದ್ದು ಹೋಗುವವನು. ಈಗಲೂ ಬಹಳ ಬದಲಾಗಿದ್ದೇನೆ ಎನ್ನಲಾರೆ. ಆದರೆ ಬಂಟ್ವಾಳದಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ನೀವು ನಂಬಲೇಬೇಕೆಂಬ ಒತ್ತಾಯವೂ ಇಲ್ಲ.

ಆಗ ನಾನು ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದೆ. ಮಗಳ ಪಾಲಿಗೆ ಅಪ್ಪನೆಂದರೆ ಫೋನಿನೊಳಗಿನ ಒಂದು ಮುಖ. ಉಳಿಸಿದ್ದನ್ನೆಲ್ಲ ಹಾಕಿ ಒಂದು ಕಟ್ಟಡ ಕೊಂಡು, ಅದರ ಬಾಡಿಗೆಯಲ್ಲಿ ಊರಲ್ಲೇ ಬದುಕಬೇಕೆಂದು ನಾನೂ ಹೆಂಡತಿ ಝೊಹರಾಳೂ ಆಸೆಪಟ್ಟಿದ್ದೆವು. ಅದು ಕೈಕೊಟ್ಟರೆ ಮತ್ತೆ ವಿಮಾನ ಹತ್ತುವುದೇ ಗತಿ.

ನಮ್ಮಂಥವರಿಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಆದ್ದರಿಂದ ಕಟ್ಟಡ ನೋಡುವುದೂ ಬೇಸಿಗೆಯಲ್ಲೇ. ಬೇಸಿಗೆಯಲ್ಲಿ ನೆಲಮಾಳಿಗೆ ನೋಡುವುದು ಹೆಣ್ಣು ನೋಡುವ ಶಾಸ್ತ್ರದ ಹಾಗೆ, ಎಲ್ಲವನ್ನೂ ತೊಳೆದು ಬಳಿದು ಇಟ್ಟಿರುತ್ತಾರೆ. ಬಂಟ್ವಾಳದಲ್ಲಿ ನೇತ್ರಾವತಿ ಹೊಳೆಗೆ ಹತ್ತಿರ ನಾನು ನೋಡಲು ಹೋದ ಕಟ್ಟಡದ ನೆಲಮಾಳಿಗೆಗೂ ಹೊಸ ಪೇಂಟು ಹೊಡೆದಿದ್ದರು. "ಸಾಹೇಬ್ರೇ, ಒಂದು ಹನಿ ನೀರು ಉಂಟಾ, ನೀವೇ ನೋಡಿ ಬನ್ನಿ" ಎಂದು ಬ್ರೋಕರ್ ಸಂಜೀವಣ್ಣ ಫೋನು ಹಿಡಿದು ರಸ್ತೆಯಲ್ಲೇ ನಿಂತರು.

ಒಳಗೆ ಮೊದಲು ಅಕ್ಕಿ ದಾಸ್ತಾನು ಇತ್ತಂತೆ. ಅಕ್ಕಿ ಇಟ್ಟ ಜಾಗವನ್ನು ಚಪ್ಪಲಿಗಾಲಲ್ಲಿ ತುಳಿದು ಅಭ್ಯಾಸವಿಲ್ಲದ ನಾನು ಚಪ್ಪಲಿಯನ್ನು ಕೆಳಗಿನ ಮೆಟ್ಟಿಲ ಬುಡದಲ್ಲಿ ಬಿಟ್ಟೆ. ಗೋಡೆಗೆ ಅಂಗೈ ಒತ್ತಿದೆ, ಮೂಲೆ ಮೂಲೆ ಮೂಸಿದೆ. ಎಲ್ಲ ಒಣಗಿ ಗರಿಗರಿಯಾಗಿತ್ತು. ಖುಷಿಯಿಂದ ತಿರುಗಿ ನೋಡಿದರೆ ಚಪ್ಪಲಿ ಅಲ್ಲಿಲ್ಲ. ಬಹಳ ಮೇಲೆ, ಬಾಗಿಲ ಹತ್ತಿರದ ಮೆಟ್ಟಿಲಲ್ಲಿ, ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟಂತೆ ಇತ್ತು.

ಕೆಳಗಿಳಿಯಲು ಇದ್ದದ್ದು ಅದೊಂದೇ ದಾರಿ. ಹೆಜ್ಜೆ ಸದ್ದೂ ಕೇಳಿರಲಿಲ್ಲ. ಸಂಜೀವಣ್ಣ ಇನ್ನೂ ರಸ್ತೆಯಾಚೆ ಫೋನಿನಲ್ಲೇ ಇದ್ದರು. ಅವರಾದರೂ ಕೊಳ್ಳುವವನನ್ನು ಹೆದರಿಸಿ ತಮ್ಮ ಕಮಿಷನ್‌ಗೆ ತಾವೇ ಕಲ್ಲು ಹಾಕಿಕೊಂಡಾರೇ? ವಿಚಿತ್ರವೆಂದರೆ ನನಗೆ ಹೆದರಿಕೆಯಾಗಲಿಲ್ಲ. ಯಾರೋ ಮನೆಯವರು ನನ್ನ ವಸ್ತುವನ್ನು ಜೋಪಾನ ಮಾಡಿದ ಹಾಗೆ ಅನಿಸಿತು.

ಮನೆಯಲ್ಲಿ ನಗುತ್ತಲೇ ಹೇಳಿದೆ. ಝೊಹರಾ ನಗಲಿಲ್ಲ. "ನಮ್ಮ ಉಮ್ಮಾನ ಮನೆ ಹೊಳೆಬದಿಯಲ್ಲಿ ಅಲ್ವಾ? ನೆರೆ ಬರುವಾಗ ಯಾರ ಚಪ್ಪಲಿಯಾದ್ರೂ ಸರಿ, ಕಂಡವರು ಎತ್ತಿ ಮೇಲಿನ ಮೆಟ್ಟಿಲಲ್ಲಿ ಇಡ್ತಾರೆ. ಮಳೆಗಾಲ ಒಮ್ಮೆ ಕಳೀಲಿ, ಈಗ ಅಡ್ವಾನ್ಸ್ ಕೊಡ್ಬೇಡಿ" ಎಂದಳು.

ಕೊಡಲಿಲ್ಲ. ಸಂಜೀವಣ್ಣ ಮುಖ ಊದಿಸಿಕೊಂಡರು, ನಾನು ದಮ್ಮಾಮಿಗೆ ಮರಳಿದೆ. ಮಳೆ ಜೋರಾಗುವ ಆಟಿ ತಿಂಗಳಲ್ಲಿ ಝೊಹರಾ ಆ ಕಟ್ಟಡದ ಒಂದು ಫೋಟೋ ಕಳಿಸಿದಳು. ಹೊಳೆ ನೀರು ನೆಲಮಾಳಿಗೆ ತುಂಬಿ, ಚಪ್ಪಲಿ ಇದ್ದ ಮೆಟ್ಟಿಲಿಗೆ ಸ್ವಲ್ಪ ಕೆಳಗೆ ನಿಂತಿತ್ತು. ಉಳಿಸಿದ್ದೆಲ್ಲ ಆ ನೀರಿಗೆ ಹೋಗದೆ ಉಳಿಯಿತಲ್ಲ ಎಂದು ರೂಮಿನಲ್ಲಿ ಒಬ್ಬನೇ ಕೂತು ಅತ್ತೆ.

ಮುಂದೆ ಬೆಳುವಾಯಿಯಲ್ಲಿ, ಎತ್ತರದ ಜಾಗದಲ್ಲಿ, ನೆಲಮಾಳಿಗೆಯೇ ಇಲ್ಲದ ಸಣ್ಣ ಕಟ್ಟಡ ಕೊಂಡೆವು. ಈಗ ಮಗಳನ್ನು ಶಾಲೆಗೆ ಬಿಡುವವನು ನಾನೇ.

ಅಂದು ಬಂದವರು ಯಾರು, ಬಂದದ್ದು ನಿಜವೇ, ನನಗೆ ಗೊತ್ತಿಲ್ಲ. ಪ್ರತಿ ನಮಾಜಿನ ನಂತರ ಕೈ ಎತ್ತಿ ದುಆ ಬೇಡುವಾಗ ಹೆತ್ತ ಉಪ್ಪ, ಉಮ್ಮನಿಂದ ಹಿಡಿದು ನಮ್ಮವರ ಹೆಸರುಗಳನ್ನೆಲ್ಲ ಹೇಳುತ್ತೇನೆ. ಕೊನೆಗೆ, ಹೆಸರು ಗೊತ್ತಿಲ್ಲದ ಒಬ್ಬರಿಗಾಗಿಯೂ ಬೇಡಿಕೊಂಡು, ಆಮೇಲೆಯೇ ಎತ್ತಿದ ಕೈ ಇಳಿಸುತ್ತೇನೆ.