ಹೊತ್ತು ಮುಳುಗುವುದರೊಳಗೆ

ನಮ್ಮದು ತೇರದಾಳದ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ. ಹುಟ್ಟಿದಾಗಿನಿಂದ ಇದೇ ರೂಢಿ, ಭಾರ ಅನ್ನಿಸಿದ್ದೇ ಇಲ್ಲ. ಈ ಕಾರ್ಖಾನೆಯ ಕೆಲಸ ಗಂಟುಬಿದ್ದ ಮೇಲೆ ದಿನವೂ ಸೂರ್ಯನ ಜೊತೆ ಜಗಳ.

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ನಮ್ಮ ಜಮಖಂಡಿ ಆಫೀಸಿನಿಂದ ಹೊಸ ಸಾಫ್ಟ್‌ವೇರ್ ಕಟ್ಟಿಕೊಟ್ಟಿದ್ದೇವೆ. ಹಳೆಯದು ಒಂದೇ ದೊಡ್ಡ ಪ್ರೋಗ್ರಾಂ. ಅದನ್ನು ಒಡೆದು ಮೈಕ್ರೋಸರ್ವಿಸ್ ಎಂಬ ಸಣ್ಣ ಸಣ್ಣ ಬಿಡಿ ಪ್ರೋಗ್ರಾಂ ಮಾಡಿದೆವು: ಕಬ್ಬಿನ ನೋಂದಣಿಗೊಂದು, ಕಡಿಯುವ ಪಾಳಿಗೊಂದು, ಕಾಟಾದ ಮೇಲೆ ಗಾಡಿ ತೂಗುವುದಕ್ಕೊಂದು. ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್, ಅದೂ ಟೇಬಲ್ಲು ಕಾಲಮ್ಮುಗಳ ಹಂಗಿಲ್ಲದ ಹೊಸ ನಮೂನೆಯದು. ಒಂದು ಕಡೆ ಬದಲಾದದ್ದು ಇನ್ನೊಂದು ಕಡೆ ಮುಟ್ಟಲು ತುಸು ತಡವಾಗಬಹುದು, ಕೊನೆಗೆ ಎಲ್ಲ ಹೊಂದಿಕೊಳ್ಳುತ್ತದೆ. ಕಾರ್ಖಾನೆಯವರಿಗೆ ಚಿತ್ರ ಬರೆದು ಇದನ್ನು ವಿವರಿಸಿದವಳು ನಾನೇ. ಈಗ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಮನೆಯವರು ವ್ಯಾಪಾರಕ್ಕೆಂದು ಊರೂರು ತಿರುಗುವವರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೆ ಶುಗರ್ ಇದೆ, ಹೊಟ್ಟೆ ಖಾಲಿ ಬಿಟ್ಟರೆ ಕೈ ನಡುಗುತ್ತದೆ. ಆದರೂ ನಾನು ಬರದೆ ತಾಟಿನ ಮುಂದೆ ಕೂರುವವರಲ್ಲ. "ಒಬ್ಬಾಕಿನ ಹೆಂಗ ಉಣ್ಣಲಿ?" ಅಂತ ಒಂದೇ ಹಟ. ನಾನು ತಡಮಾಡಿದರೆ ಅವರಿಗೂ ಬೆಳಗಿನ ತನಕ ಉಪವಾಸ. ಹಾಗಾಗಿ ದಿನಾ ಬಸ್ಸಿಗೆ ಎದ್ದೂ ಬಿದ್ದೂ ಓಡುತ್ತೇನೆ. ಸಾಕಾಗಿದೆ.

ಮೊನ್ನೆ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ, ಕಾಟಾದವನ ಫೋನು ಬಂತು.

"ಮೇಡಂರಿ, ಪಾಳಿ ಬಂದ ಗಾಡಿಗೂ ಇಲ್ಲಿ ಪಾಳಿ ಇಲ್ಲ ಅಂತ ತೋರಸಾಕತ್ತೈತ್ರಿ. ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದೈತಿ."

ಪಾಳಿಯ ಸರ್ವಿಸ್ ಪಾಳಿ ಕೊಟ್ಟು ಕೈತೊಳೆದುಕೊಂಡಿತ್ತು. ತೂಕದ ಸರ್ವಿಸ್‌ಗೆ ಸುದ್ದಿಯೇ ಮುಟ್ಟಿರಲಿಲ್ಲ, ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ಬಸ್ಸಿನಲ್ಲಿ ಕೂತು ಬಿಡಿಸುವ ಗಂಟಲ್ಲ ಅದು. ಬ್ಯಾಗ್ ಕೆಳಗಿಟ್ಟೆ. ಚಳಿಗಾಲದ ಬಿಸಿಲು ಆಗಲೇ ಕಿಟಕಿ ಬಿಟ್ಟು ಗೋಡೆ ಏರುತ್ತಿತ್ತು.

ಮನೆಗೆ ಫೋನ್ ಮಾಡಿದೆ. "ಅತ್ತೀ, ನಂದು ಇಲ್ಲೇ ಊಟಾ ಆತ್ರಿ. ನೀವು ಉಂಡುಬಿಡ್ರಿ."

ಹಸಿ ಸುಳ್ಳು. ಡಬ್ಬಿ ಮಧ್ಯಾಹ್ನವೇ ಖಾಲಿಯಾಗಿತ್ತು. ಹಾಗೆನ್ನದಿದ್ದರೆ ಅವರ ಹೊಟ್ಟೆಗೆ ರೊಟ್ಟಿ ಇಳಿಯುವುದಿಲ್ಲವಲ್ಲ.

"ನಂದೂ ಆತವಾ, ಈಗಷ್ಟ ಕೈ ತೊಳದೆ," ಎಂದರು.

ಎಷ್ಟು ಹಗುರಾಯಿತೆಂದರೆ, ಹಸಿವೂ ಮರೆತುಹೋಯಿತು. ನೆಟ್ಟಗೆ ಕುಳಿತು ಸಿಕ್ಕು ಬಿಡಿಸಿದೆ. ತೂಕ ಶುರುವಾಯಿತು. ಹೊರಗೆ ಬರುವಾಗ ಬೀದಿದೀಪ ಹತ್ತಿದ್ದವು.

ಮನೆಗೆ ಬಂದು ಅಡುಗೆಮನೆಗೆ ಕಾಲಿಟ್ಟರೆ ರೊಟ್ಟಿ ಬುಟ್ಟಿಗೆ ಸುತ್ತಿದ ಬಟ್ಟೆ ಬಿಚ್ಚಿರಲಿಲ್ಲ. ಪಲ್ಯದ ಮುಚ್ಚಳ ತೆಗೆದಿರಲಿಲ್ಲ. ಪಕ್ಕದಲ್ಲಿ ಎರಡು ತಾಟು ಬೋರಲಾಗಿದ್ದವು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಊಟಾ ಆತು ಅಂದ್ರಲ್ರಿ ಅತ್ತೀ?"

"ನೀನೂ ಹಂಗ ಅಂದಿ. ಡಬ್ಬಿ ಕಟ್ಟಿದಾಕಿ ನಾ. ಎರಡ ರೊಟ್ಟಿ ಎರಡ ಹೊತ್ತಿಗೆ ಬರತಾವೇನ?"

ಅವರೇ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಹಿಡಿದರು. ಕೈ ನಡುಗಿ, ಅರ್ಧ ನೀರು ನನ್ನ ಸೆರಗಿನ ಮೇಲೆ ಚೆಲ್ಲಿತು.