ಅಜ್ಜಿ ಹಾಕಿದ ಸುತ್ತು

ಹಳೇ ಸರ್ವೆ ನಕ್ಷೆಯಲ್ಲಿ ಬೇಗೂರಿನ ಆಚೆ ದೊಡ್ಡದೊಂದು ಕೆರೆ ಇತ್ತು. ಅದು ಈಗ ಏನಾಗಿದೆ ಎಂದು ನೋಡಿ ಬರುವುದು ನನ್ನ ಕೆಲಸ. ಹೋಗಿ ನೋಡಿದರೆ ಬರೀ ಚೆಂಡುಹೂವಿನ ಹೊಲ. ಏರಿಯೂ ಇಲ್ಲ, ತೂಬೂ ಇಲ್ಲ. ನಕ್ಷೆ ಬರೆದವನು ಮರದ ನೆರಳಲ್ಲಿ ಕೂತು ಗೀಚಿದ್ದಾನೆ ಎಂದು ಬೈದುಕೊಂಡು ಪುಸ್ತಕದಲ್ಲಿ ‘ನಕ್ಷೆ ತಪ್ಪು’ ಎಂದು ಬರೆದೆ.

ಹೊಲದಾಚೆಯ ಮಾರಿಗುಡಿಗೆ ಹೊರಟಿದ್ದ ಅಜ್ಜಿಯೊಬ್ಬರ ಹಿಂದೆ ನಾನೂ ನಡೆದೆ. ನಡೆದಷ್ಟೂ ನನ್ನ ಮೊಬೈಲು ದಾರಿಯ ಗೆರೆ ಎಳೆಯುತ್ತಿತ್ತು. ಹೂವಿನ ನಡುವೆ ನೇರ ಕಾಲುದಾರಿ ಇದ್ದರೂ ಅಜ್ಜಿ ದೊಡ್ಡ ಸುತ್ತು ಹಾಕಿದರು. ಆ ಬಿಸಿಲಿಗೆ ನನಗೆ ರೇಗಿತು.

“ಅಜ್ಜಿ, ಅಲ್ಲಿ ನೇರ ದಾರಿ ಇದೆಯಲ್ಲ?”

“ಅಲ್ಲಿ ಕೆರೆ ಕಣಪ್ಪ. ನಮ್ಮತ್ತೆ ಇಂಗೇ ಕರ್ಕೊಂಡೋಗ್ತಿದ್ರು.”

“ನೀವು ಅದರಲ್ಲಿ ನೀರು ನೋಡಿದ್ದೀರಾ?”

“ನಾನೆಲ್ಲಿ ನೋಡ್ಲಿ. ನಮ್ಮತ್ತೆನೂ ನೋಡಿರ್ನಿಲ್ಲ ಬುಡು.”

ಗುಡಿಯ ಜಗಲಿಯಲ್ಲಿ ಕೂತು ಮೊಬೈಲಿನ ಗೆರೆಯನ್ನು ನಕ್ಷೆಯ ಮೇಲಿಟ್ಟು ನೋಡಿದೆ. ಹಿಗ್ಗಿಸಿ ಮತ್ತೊಮ್ಮೆ ನೋಡಿದೆ. ಅಜ್ಜಿ ಕೆರೆಯಂಚನ್ನು ಎಲ್ಲೂ ತಪ್ಪದೆ ನಡೆದಿದ್ದರು.

ಪುಸ್ತಕದ ಆ ಸಾಲನ್ನು ಹೊಡೆದುಹಾಕಿದೆ. ವಾಪಸು ಬರುವಾಗ ನಾನೊಬ್ಬನೇ, ಬಸ್ಸಿಗೂ ಹೊತ್ತಾಗಿತ್ತು. ಆದರೂ ಸುತ್ತಿಕೊಂಡೇ ಬಂದೆ. ನನಗೆ ಈಜು ಬರುವುದಿಲ್ಲ.