ಸುಗುಣಮ್ಮ ಕಾದ ಪ್ರಶ್ನೆ

ಚಿತ್ರದುರ್ಗದ ಕ್ರೈಸ್ತ ಸಭೆಯ ಉಪದೇಶಿ ಯೋಬಪ್ಪನ ಹೆಂಡತಿ ಸುಗುಣಮ್ಮನಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುವ ದಾರಿಯಲ್ಲಿತ್ತು. ಇದು ಗಂಡನಿಗೆ ಗೊತ್ತಿರಲಿಲ್ಲ. ನಿನಗೇನಾಗಿದೆ ಎಂದು ಅವರೇ ಒಂದು ದಿನ ಕೇಳಲಿ, ಆಗ ಹೇಳುತ್ತೇನೆ ಎಂದು ಅವಳು ಹಟ ಹಿಡಿದು ಕೂತಿದ್ದಳು. ಎಪ್ಪತ್ತೊಂದನೇ ಇಸವಿಯಲ್ಲಿ ಹಿಡಿದ ಹಟ. ಎಪ್ಪತ್ತನಾಲ್ಕು ಬಂದರೂ ಪುಣ್ಯಾತ್ಮ ಕೇಳಿರಲಿಲ್ಲ.

ಯೋಬಪ್ಪ ಕೆಟ್ಟವನೇನಲ್ಲ. ಹೊಸದುರ್ಗ, ಹಿರಿಯೂರು ಎಂದು ಬಸ್ಸು ಹತ್ತಿ ಹೋಗಿ ಮನೆಮನೆಯಲ್ಲಿ ಪ್ರಾರ್ಥನೆ ಮಾಡಿ ಬರುತ್ತಿದ್ದ. ಪ್ರಾರ್ಥನೆಗೆ ಮುಂಚೆ ಮನೆಯವರ ಕಷ್ಟಸುಖ ವಿಚಾರಿಸುವುದು ಸಭೆಯ ಪದ್ಧತಿ. ಇವನಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ, ಮುಖ ನೋಡಿದರೆ ಸಾಕು ಎನ್ನುತ್ತಿದ್ದ. ಹೊಳಲ್ಕೆರೆಯ ಸಮಾಧಾನಪ್ಪನ ಮನೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ಕಂಡವನೇ, ಸಾವಿನ ಮನೆಯ ಪ್ರಾರ್ಥನೆಯನ್ನು ಒಂದು ಮಾತೂ ಬಿಡದೆ ಮುಗಿಸಿದ. ಅವರು ಕರೆದದ್ದು ಎಷ್ಟೋ ವರ್ಷಕ್ಕೆ ಮಗು ಹುಟ್ಟಿದ ಸಂತೋಷಕ್ಕೆ. ಆಮೆನ್ ಮಾತ್ರ ಎಲ್ಲರೂ ಸೇರಿಯೇ ಹೇಳಿದರು.

ಮನೆಯಲ್ಲೂ ಹಾಗೇ. ಅವನು ಮಾತಾಡುತ್ತಿದ್ದ, ಸುಗುಣಮ್ಮ ತಲೆಯಾಡಿಸುತ್ತಿದ್ದಳು. ಸಾರು ಹಾಕು, ಬಾಗಿಲು ಹಾಕು ಎಂಬುದೆಲ್ಲ ತುಟಿ ನೋಡಿದರೆ ತಿಳಿಯುತ್ತಿತ್ತು; ಉಳಿದದ್ದು ತಿಳಿಯದಿದ್ದರೂ ಸಂಸಾರಕ್ಕೇನೂ ಕಮ್ಮಿಯಾಗಲಿಲ್ಲ. ನನ್ನ ಹೆಂಡತಿಯಷ್ಟು ತಾಳ್ಮೆಯಿಂದ ಆಲಿಸುವವರು ಜಿಲ್ಲೆಯಲ್ಲೇ ಇಲ್ಲ ಎಂದು ಯೋಬಪ್ಪ ಹೋದಲ್ಲೆಲ್ಲ ಹೊಗಳುತ್ತಿದ್ದ. ಅವಳಿಗೋ, ಬಲಗಿವಿಯೂ ಹೋದ ಮೇಲೆ ಚರ್ಚಿನ ಗಂಟೆ, ಹಾಡು ಒಂದೂ ಇಲ್ಲದೆ ಬಾಳುವುದು ಹೇಗೆ ಎಂಬ ಹೆದರಿಕೆ. ಅದನ್ನು ಒಬ್ಬಳೇ ನುಂಗಿಕೊಂಡಿದ್ದಳು.

ಆ ಚಳಿಗಾಲ ಮಾಡದಕೆರೆಯ ಕುರುಬರ ಹುಚ್ಚಕ್ಕ ಕಂಬಳಿ ಮಾರಲು ಬಂದಳು. ಗುಡ್ಡದಾಚೆಯ ಕುರಿಗಳನ್ನು ಕೂಗಿ ಕರೆದು ಪಳಗಿದ ಗಂಟಲು. ಸುಗುಣಮ್ಮನ ಬಲಗಿವಿಗೆ ಸಲೀಸಾಗಿ ಇಳಿಯಿತು. ಚೌಕಾಸಿ ಇನ್ನೂ ಕಾವೇರಿರಲಿಲ್ಲ, ಹುಚ್ಚಕ್ಕ ತನ್ನ ಕಿವಿ ಮುಟ್ಟಿ ತೋರಿಸಿ, “ಯಾವಾಗಿಂದವ್ವ ಹಿಂಗೆ?” ಎಂದಳು. ಸುಗುಣಮ್ಮ ಹೇಳಿದಳು. ಗಂಡನಿಗೆ ಹೇಳಿಲ್ಲವೆಂದೂ, ಯಾಕೆಂದೂ ಹೇಳಿದಳು.

ಅಷ್ಟರಲ್ಲಿ ಯೋಬಪ್ಪ ಜಗಲಿಗೆ ಬಂದ. ಹೊಸ ಮುಖ ಕಂಡ ಖುಷಿಗೆ, ಯೇಸುಸ್ವಾಮಿ ದಾರಿಬದಿಯ ಕುರುಡನಿಗೆ ಕಣ್ಣು ಕೊಟ್ಟ ಕಥೆ ಎತ್ತಿಕೊಂಡ. ನಿನಗೇನು ಬೇಕು ಎಂದು ಸ್ವಾಮಿ ಅವನನ್ನು ಕೇಳಿದರು ಎಂಬಲ್ಲಿಗೆ ಹುಚ್ಚಕ್ಕ ತಡೆದಳು.

“ಕುರುಡ ಅಂತ ಕಣ್ಣಿಗೆ ಕಾಣ್ತಿತ್ತಲ್ರಿ ಅಯ್ನೋರೆ. ಆದ್ರೂ ನಿಮ್ಮ ಸ್ವಾಮಿ ಯಾಕೆ ಕೇಳಿದ್ರು?”

ಆ ಕಥೆಗೆ ಅಲ್ಲಿಯ ತನಕ ಯಾರೂ ನಡುವೆ ಬಾಯಿ ಹಾಕಿರಲಿಲ್ಲ. ಮುಂದಿನ ಸಲ ಬಂದಾಗ ಹೇಳಿ ಎಂದು ಹುಚ್ಚಕ್ಕ ಕಂಬಳಿ ಹೆಗಲಿಗೇರಿಸಿ ಹೊರಟಳು.

ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆಯತ್ತ ಬಗ್ಗಿಯೇ ಏನೋ ಅಂದ. ಸುಗುಣಮ್ಮ ಎಂದಿನಂತೆ ತಲೆಯಾಡಿಸಿದಳು. ಅವನು ತಲೆಯೆತ್ತಿ ಅವಳನ್ನೇ ನೋಡುತ್ತಾ ಕೂತ. ಆ ಬಾಯಿ ಹಾಗೆ ಸುಮ್ಮನಾಗಿ ಕಾಯುವುದನ್ನು ಅವಳು ಕಂಡೇ ಇರಲಿಲ್ಲ. ಅಂದದ್ದು ಪ್ರಶ್ನೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಈ ಕಡೆ ಮುಖ ಮಾಡಿ ಇನ್ನೊಂದ್ಸಲ ಹೇಳ್ರಿ,” ಎಂದಳು. “ನಂಗೆ ಕಿವಿ ಹೋಗೈತೆ.”

ಯೋಬಪ್ಪ ಬಾಯಿ ತೆರೆದ. ಇನ್ನು ಉಪದೇಶ ಶುರು ಎಂದುಕೊಂಡಳು. ಅವನು ಮತ್ತೆ ಬಾಯಿ ಮುಚ್ಚಿದ, ಕಣ್ಣು ತುಂಬಿ ಬಂತು. ತಟ್ಟೆ ಸರಿಸಿ, ಎದುರಿಗೆ ಬಂದು ಕೂತು, ನಿಧಾನವಾಗಿ ಕೇಳಿದ.

“ನಿಂಗೇನು ಬೇಕು, ಸುಗುಣ?”

ಮೂರು ವರ್ಷದಿಂದ ಜೋಡಿಸಿಟ್ಟ ಬೈಗುಳವೆಲ್ಲ ಅವಳಿಗೆ ಮರೆತುಹೋಯಿತು. ತುಂಬಾ ಹೆದರಿಕೆಯಾಗುತ್ತದೆ ಎಂದು ಹೇಳಿ ಅತ್ತಳು. ಅವನು ಪ್ರಾರ್ಥನೆಗೆ ಕೈ ಜೋಡಿಸಲಿಲ್ಲ. ಅವಳು ಹೇಳಿ ಮುಗಿಸುವವರೆಗೂ ಎಂಜಲು ಕೈಯಲ್ಲೇ ಕೂತಿದ್ದ, ಸಾರು ಆರಿಹೋಯಿತು.